ಕಮ್ಮಿ ದುಡ್ಡಲ್ಲಿ ಮದ್ವೆ: ಎಲ್ರೂ ನನ್ನನ್ನ ಕೇಳೋ ಪ್ರಶ್ನೆಗಳು

ತಿಪಟೂರಲ್ಲಿ ನಮ್ಮ ತಂಗಿ ಮದ್ವೆ ಮಾಡಿ ಮುಗಿಸಿದ್ಮೇಲೆ ನಮ್ಮ ನೆಂಟ್ರಲ್ಲಿ, ಆಫೀಸಲ್ಲಿ ಯಾರ ಮನೇಲಿ ಮದ್ವೆ ಇದ್ರೂ ನನಗೇ ಫೋನು. "ಅಕ್ಕಾ, ಅಷ್ಟರಲ್ಲೇ ಹೆಂಗೆ ಮುಗಿಸಿದ್ರಿ?" ಅಂತ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಂದೇ ಕಡೆ ಬರೆದಿಟ್ಟಿದೀನಿ. ನಮ್ಮದು ತುಮಕೂರು ಕಡೆ ಪದ್ಧತಿ, ಹಿಂದಿನ ದಿನ ರಾತ್ರಿ ರಿಸೆಪ್ಶನ್, ಮಾರನೇ ದಿನ ಬೆಳಗ್ಗೆ ಮುಹೂರ್ತ. ನಿಮ್ಮ ಕಡೆ ಬೇರೆ ಥರ ಇದ್ರೆ ಅದಕ್ಕೆ ತಕ್ಕ ಹಾಗೆ ಹೊಂದಿಸ್ಕೊಳ್ಳಿ.

ಮೊದ್ಲು ಏನ್ ಮಾಡ್ಬೇಕು? ಛತ್ರ ಬುಕ್ ಮಾಡೋದಾ?

ಅಲ್ಲ. ಮೊದ್ಲು ಲಿಸ್ಟ್ ಬರೀರಿ. ಎಲ್ರೂ ಛತ್ರ ನೋಡೋಕೆ ಓಡ್ತಾರೆ, 800 ಜನ ಹಿಡಿಯೋ ಛತ್ರ ಸಿಕ್ತು ಅಂತ ಅಡ್ವಾನ್ಸ್ ಕೊಟ್ಟು ಬರ್ತಾರೆ, ಆಮೇಲೆ ಛತ್ರ ತುಂಬಿಸ್ಬೇಕಲ್ಲ ಅಂತ ಜನ ಕರೀತಾರೆ! ನಮ್ಮಪ್ಪ ಹಳೇ ಕ್ಯಾಲೆಂಡರ್ ಹಾಳೆ ಹಿಂದುಗಡೆ ಲಿಸ್ಟ್ ಬರ್ದಿದ್ರು, ಮೊದಲ ದಿನ 600 ಚಿಲ್ಲರೆ ಇತ್ತು, ದೊಡ್ಡಮ್ಮ ಬಂದು ಒಂದು ಮಧ್ಯಾಹ್ನ ಕೂತು ಎದ್ದಾಗ 1,100 ಆಗಿತ್ತು. ಅದನ್ನ 450ಕ್ಕೆ ಇಳಿಸೋಕೆ ನಮಗೆ ಮೂರು ವಾರ ಬೇಕಾಯ್ತು, ಎರಡು ಸಲ ಜಗಳಾನೂ ಆಯ್ತು.

ಹೆಂಗೆ ಇಳಿಸಿದ್ವಿ ಅಂದ್ರೆ ನನ್ನ ಮದ್ವೆ ಮುಯ್ಯಿ ಪುಸ್ತಕ ತೆಗೆದ್ವಿ. ಯಾರು ನಿಜವಾಗ್ಲೂ ಬಂದಿದ್ರು, ಯಾರು ಇನ್ನೊಬ್ಬರ ಕೈಲಿ ಕವರ್ ಕಳ್ಸಿದ್ರು, ಯಾರ ಹೆಸರೇ ಇಲ್ಲ, ಎಲ್ಲಾ ಅದರಲ್ಲಿರತ್ತೆ. ಅವ್ರ ಮನೆ ಕಾರ್ಯಕ್ಕೆ ನಾವು ಹೋಗಿಲ್ಲ, ನಮ್ಮನೆ ಕಾರ್ಯಕ್ಕೆ ಅವ್ರು ಬಂದಿಲ್ಲ ಅಂದ್ರೆ ಆ ಹೆಸರು ಹೊಡೀಬೋದು, ಯಾರಿಗೂ ಬೇಜಾರಾಗಲ್ಲ, ಅವ್ರಿಗೂ ಒಂದು ಪ್ರಯಾಣ ಉಳೀತು. ಮುಯ್ಯಿ ಪುಸ್ತಕ ಇಲ್ಲದ ಮನೆ ನಮ್ಮ ಕಡೆ ಇಲ್ಲ, ಅಟ್ಟದ ಮೇಲೆ ಹುಡುಕಿ.

ಇನ್ನೊಂದು ಲೆಕ್ಕ ತಲೇಲಿ ಇಟ್ಕೊಳ್ಳಿ. ಒಂದು ಎಲೆಗೆ 300 ರೂಪಾಯಿ ಅಂತಿಟ್ಕೊಂಡ್ರೆ 500 ಜನ ಜಾಸ್ತಿ ಆದ್ರೆ ಒಂದು ಹೊತ್ತಿಗೆ ಒಂದೂವರೆ ಲಕ್ಷ. ಹೂವಲ್ಲಿ, ಪತ್ರಿಕೇಲಿ, ವಾಲಗದಲ್ಲಿ ಎಷ್ಟು ಚೌಕಾಸಿ ಮಾಡಿದ್ರೂ ಒಂದೂವರೆ ಲಕ್ಷ ಉಳಿಯಲ್ಲ. ಅದಕ್ಕೇ ನಾನು ಎಲ್ರಿಗೂ ಹೇಳೋದು ಇದೊಂದೇ: ಲಿಸ್ಟ್ ಕಮ್ಮಿ ಮಾಡಿ, ಎಲೆ ಮೇಲೆ ಕಮ್ಮಿ ಮಾಡ್ಬೇಡಿ.

ಕೇಟರಿಂಗ್ ಕೊಡೋದಾ, ಅಡುಗೆ ಭಟ್ರನ್ನ ಕರೆಸಿ ನಾವೇ ಸಾಮಾನು ತರೋದಾ?

ಮನೇಲಿ ಓಡಾಡೋಕೆ ಇಬ್ರು ಗಟ್ಟಿ ಗಂಡಸ್ರು, ದಿನಸಿ ಲೆಕ್ಕ ಗೊತ್ತಿರೋ ಒಬ್ಬ ಹೆಂಗಸು ಇದ್ರೆ ಭಟ್ರೇ ಸರಿ. ಇಲ್ಲ, ಎಲ್ರೂ ಬೆಂಗ್ಳೂರಲ್ಲಿ ಕೆಲಸದಲ್ಲಿದ್ದು ಮದ್ವೆ ಹಿಂದಿನ ದಿನ ಬರೋರು ಅಂದ್ರೆ ಸುಮ್ನೆ ಕೇಟರಿಂಗ್ ಕೊಡಿ, ಉಳಿಸೋಕೆ ಹೋಗಿ ಸಾಸಿವೆ ತಂದಿಲ್ಲ ಅಂತ ರಾತ್ರಿ ಹತ್ತು ಗಂಟೆಗೆ ಅಂಗಡಿ ಬಾಗಿಲು ತಟ್ಟೋ ಪರಿಸ್ಥಿತಿ ಬೇಡ.

ನಮಗೆ ಕೇಟರಿಂಗ್‌ನವ್ರು ಮೂರು ಹೊತ್ತಿಗೂ ಸೇರಿ 3 ಲಕ್ಷದ ಹತ್ರ ಹೇಳಿದ್ರು. ಭಟ್ರ ಲೆಕ್ಕದಲ್ಲಿ ದಿನಸಿ, ತರಕಾರಿ, ಹಾಲು, ಗ್ಯಾಸ್ ಎಲ್ಲಾ ಸೇರಿ 1,65,000, ಭಟ್ರು ಮತ್ತೆ ಬಡಿಸೋರ ಕೂಲಿ 65,000, ಒಟ್ಟು 2,30,000 ಆಯ್ತು. ಭಟ್ರು ಮೊದಲ ದಿನ ಬಂದು ಕೂತು ಪಟ್ಟಿ ಬರೆಸ್ತಾರೆ, ತೊಗರಿಬೇಳೆ ಇಷ್ಟು, ಕೊಬ್ಬರಿ ಎಣ್ಣೆ ಬೇಡ ಕಡ್ಲೆಕಾಯಿ ಎಣ್ಣೆ ಇಷ್ಟು ಡಬ್ಬ, ಬ್ಯಾಡಗಿ ಮೆಣಸಿನಕಾಯಿ ಇಷ್ಟು ಅಂತ. ಆ ಪಟ್ಟಿ ಸ್ವಲ್ಪ ಜಾಸ್ತಿನೇ ಇರತ್ತೆ, ಕಮ್ಮಿ ಬಿದ್ರೆ ಅವ್ರ ಮರ್ಯಾದೆ ಹೋಗತ್ತಲ್ಲ. ದಿನಸಿ ಅಂಗಡಿಯವ್ರ ಹತ್ರ ಮೊದ್ಲೇ ಮಾತಾಡಿ, ಒಡೀದೇ ಇರೋ ಮೂಟೆ, ಡಬ್ಬ ವಾಪಸ್ ತಗೊಳ್ತೀರಾ ಅಂತ. ನಮ್ಮೂರಲ್ಲಿ ತಗೊಳ್ತಾರೆ. ನಾವು ಎಣ್ಣೆ ಡಬ್ಬ ಎರಡು, ಅಕ್ಕಿ ಒಂದು ಮೂಟೆ ವಾಪಸ್ ಕೊಟ್ವಿ.

ಕೇಟರಿಂಗ್ ಆದ್ರೆ ಎಲೆ ಎಣಿಸೋಕೆ ಒಬ್ಬರನ್ನ ಇಡಲೇಬೇಕು. ನಿಶ್ಚಿತಾರ್ಥಕ್ಕೆ ನಾವು ಎಣಿಸಿರ್ಲಿಲ್ಲ, ಅಂದಾಜು 300 ಜನ ಇದ್ದದ್ದು, ಬಿಲ್ಲಲ್ಲಿ 380 ಎಲೆ ಬಂತು, ಕೇಳಿದ್ರೆ "ನೋಡಿ ಸಾರ್, ಎಲೆ ಕಟ್ಟು ಖಾಲಿ" ಅಂತ ತೋರಿಸಿದ್ರು, ಏನ್ ವಾದ ಮಾಡ್ತೀರಾ? ಊಟ ಶುರು ಆಗೋಕೆ ಮುಂಚೆ ಎಲೆ ಎಷ್ಟಿದೆ ಅಂತ ಅವ್ರ ಎದುರಿಗೇ ಎಣಿಸಿ ಬರ್ಕೊಂಡು, ಆದ್ಮೇಲೆ ಉಳಿದಿದ್ದು ಎಣಿಸಿ. ಹರಿದ ಎಲೆ ಲೆಕ್ಕ ಬೇರೆ. ಈ ಕೆಲಸಕ್ಕೆ ನಾಚಿಕೆ ಸ್ವಭಾವದೋರು ಆಗಲ್ಲ, ಜೋರಾಗಿರೋ ಒಬ್ಬ ಮಾವನ್ನ ಹಾಕಿ.

ಐಟಂ ಕಮ್ಮಿ ಮಾಡಿದ್ರೆ ಜನ ಆಡ್ಕೊಳಲ್ವಾ?

ಐಟಂ ಕಮ್ಮಿ ಇದ್ರೆ ಯಾರೂ ಆಡ್ಕೊಳಲ್ಲ, ಮೂರನೇ ಪಂಕ್ತಿಗೆ ಹೋಳಿಗೆ ಇಲ್ಲ ಅಂದ್ರೆ ಆಡ್ಕೊಳ್ತಾರೆ, ಹತ್ತು ವರ್ಷ ಆಡ್ಕೊಳ್ತಾರೆ. ಎರಡು ಸ್ವೀಟು, ಗೋಬಿ, ರುಮಾಲಿ ರೋಟಿ, ಪಾನಿಪುರಿ ಕೌಂಟರ್, ಐಸ್‌ಕ್ರೀಮ್ ಅಂತೆಲ್ಲಾ ಹಾಕಿದ್ರೆ ಜನ ಎಲ್ಲದ್ರಲ್ಲೂ ಒಂದೊಂದು ತುತ್ತು ತಿಂದು ಎಲೇಲಿ ಬಿಡ್ತಾರೆ.

ನಮ್ಮ ಮುಹೂರ್ತದ ಊಟ ಹೇಳ್ತೀನಿ ಕೇಳಿ. ಉಪ್ಪು, ಉಪ್ಪಿನಕಾಯಿ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಹೀರೇಕಾಯಿ ಬಜ್ಜಿ, ಚಿತ್ರಾನ್ನ, ಕಾಯಿ ಹೋಳಿಗೆ ತುಪ್ಪ, ಅನ್ನ, ಹುಳಿ, ತಿಳಿಸಾರು, ಹಪ್ಪಳ, ಮಜ್ಜಿಗೆ. ಅಷ್ಟೇ. ತಿಪಟೂರಲ್ಲಿ ಕಾಯಿಗೇನ್ ಬರ, ತೋಟದ್ದೇ ಕಾಯಿ, ಅದಕ್ಕೇ ಕಾಯಿ ಹೋಳಿಗೆ. ತುಪ್ಪ ಮಾತ್ರ ಅಮ್ಮ ಎರಡು ತಿಂಗಳಿಂದ ಬೆಣ್ಣೆ ಕೂಡಿಟ್ಟು ಕಾಯ್ಸಿದ್ದು, ಬಡಿಸೋ ಹುಡುಗನಿಗೆ ಹೇಳಿಟ್ಟಿದ್ರು, ಚಮಚದಲ್ಲಿ ಅಲ್ಲ ಸೌಟಲ್ಲೇ ಹಾಕ್ಬೇಕು ಅಂತ. ಮದ್ವೆಗೆ ಬಂದೋರು ಇವತ್ತಿಗೂ ಆ ತುಪ್ಪದ ಮಾತೇ ಆಡ್ತಾರೆ, ಸ್ಟೇಜ್ ಹಿಂದೆ ಯಾವ ಬಣ್ಣದ ಬಟ್ಟೆ ಕಟ್ಟಿದ್ರು ಅಂತ ನನಗೇ ನೆನಪಿಲ್ಲ.

ಛತ್ರ ನೋಡುವಾಗ ಏನ್ ಕೇಳ್ಬೇಕು?

ಬಾಡಿಗೆ ಎಷ್ಟು ಅಂತ ಕೊನೆಗೆ ಕೇಳಿ. ಮೊದ್ಲು ಇವನ್ನ ಕೇಳಿ: ಕರೆಂಟು ಬಾಡಿಗೇಲಿ ಸೇರಿದ್ಯಾ ಅಥವಾ ಯೂನಿಟ್ ಲೆಕ್ಕನಾ, ಜನರೇಟರ್ ಡೀಸೆಲ್ ಯಾರದು, ಕ್ಲೀನಿಂಗ್ ಎಷ್ಟು, ಪಾತ್ರೆ ಅವ್ರದ್ದಾ ಹೊರಗಡೆಯಿಂದ ತರ್ಬೇಕಾ, ನೀರು ಕಮ್ಮಿ ಆದ್ರೆ ಟ್ಯಾಂಕರ್ ದುಡ್ಡು ಯಾರು ಕೊಡೋದು, ಡೆಕೋರೇಷನ್‌ಗೆ ನಮ್ಮೋರನ್ನ ಬಿಡ್ತೀರಾ ಅಥವಾ ನಿಮ್ಮೋರೇ ಆಗ್ಬೇಕಾ, ಜಿಎಸ್‌ಟಿ ಸೇರಿಸಿ ಹೇಳ್ತಿದೀರಾ ಬಿಟ್ಟು ಹೇಳ್ತಿದೀರಾ. ನಮ್ಮ ಛತ್ರದ ಬಾಡಿಗೆ 80,000, ಮೇಲೆ ಇವೆಲ್ಲಾ ಸೇರಿ 14,500 ಬಂತು, ಮೊದ್ಲೇ ಕೇಳಿದ್ರಿಂದ ಎದೆ ಒಡೀಲಿಲ್ಲ.

ಟೈಮಿಂಗ್ ಕೂಡ ನೋಡಿ. ಹಿಂದಿನ ದಿನ ಮಧ್ಯಾಹ್ನ ಕೀ ಕೊಟ್ಟು ಮಾರನೇ ದಿನ ಮಧ್ಯಾಹ್ನ ಖಾಲಿ ಮಾಡ್ಸೋ ಕಡೆ ಮುಹೂರ್ತ ಹನ್ನೊಂದೂವರೆಗೆ ಇಟ್ಕೊಂಡ್ರೆ ಕೊನೇ ಪಂಕ್ತಿ ಊಟ ಮಾಡ್ತಿರುವಾಗ್ಲೇ ಪಕ್ಕದಲ್ಲಿ ಕುರ್ಚಿ ಮಡಚೋಕೆ ಶುರು ಮಾಡ್ತಾರೆ.

ದೇವಸ್ಥಾನದ ಛತ್ರ, ಜನಾಂಗದ ಸಂಘದವ್ರ ಸಮುದಾಯ ಭವನ, ಊರಿನ ಅಂಬೇಡ್ಕರ್ ಭವನ ಇವೆಲ್ಲಾ ಬಾಡಿಗೆ ಕಮ್ಮಿ. ಮನೆ ಮುಂದೆ ಜಾಗ ಇದ್ದು ಹಳ್ಳೀಲೇ ಚಪ್ಪರ ಹಾಕಿ ಮಾಡೋದು ಅಗ್ಗ ಅಂತ ಅನ್ಸತ್ತೆ, ಆದ್ರೆ ಶಾಮಿಯಾನ, ಟೇಬಲ್, ನೀರು, ಟಾಯ್ಲೆಟ್ ಎಲ್ಲಾ ಸೇರಿಸಿ ನೋಡಿ ಆಮೇಲೆ ತೀರ್ಮಾನ ಮಾಡಿ.

ಯಾವ ದಿನ ಇಟ್ಕೊಂಡ್ರೆ ಕಮ್ಮಿ ಆಗತ್ತೆ?

ವಾರದ ಮಧ್ಯೆ. ಭಾನುವಾರ ಮುಹೂರ್ತ ಅಂದ್ರೆ ಛತ್ರ, ಫೋಟೋಗ್ರಾಫರ್, ವಾಲಗ, ಬಸ್ಸು ಎಲ್ರೂ ರೇಟು ಏರಿಸಿರ್ತಾರೆ, ಜನಾನೂ ಜಾಸ್ತಿ ಬರ್ತಾರೆ. ನಮ್ಮದು ಬುಧವಾರ. ಪುರೋಹಿತರ ಹತ್ರ ಹೋಗುವಾಗ "ಒಂದು ಮುಹೂರ್ತ ಕೊಡಿ" ಅನ್ಬೇಡಿ, ನಾಲ್ಕೈದು ಬರೆಸ್ಕೊಂಡು ಬನ್ನಿ, ಛತ್ರದವ್ರ ಡೈರಿ ನೋಡಿ ಆಮೇಲೆ ಒಂದು ಗಟ್ಟಿ ಮಾಡಿ. ಆಷಾಢ, ಧನುರ್ಮಾಸದಲ್ಲಿ ಮಾಡ್ತೀವಿ ಅಂದ್ರೆ ಅರ್ಧ ರೇಟಿಗೂ ಛತ್ರ ಸಿಗ್ಬೋದು, ಆದ್ರೆ ನಮ್ಮ ಮನೇಲಿ ಆ ಮಾತೆತ್ತಿದ್ರೆ ಅಜ್ಜಿ ಎದ್ದು ಹೋಗ್ತಿದ್ರು. ನಿಮ್ಮ ಅಜ್ಜಿ ಹೆಂಗೋ ನೋಡ್ಕೊಳ್ಳಿ.

ರಿಸೆಪ್ಶನ್ ಬೇಕೇ ಬೇಕಾ?

ಬೇಡ. ನಾವು ಮಾಡಿದ್ವಿ, ಇನ್ನೊಂದ್ಸಲ ಆದ್ರೆ ಮಾಡಲ್ಲ. ರಿಸೆಪ್ಶನ್ ತೆಗೆದ್ರೆ ಒಂದು ಹೊತ್ತಿನ ದೊಡ್ಡ ಊಟ, ಸ್ಟೇಜು, ಆರ್ಕೆಸ್ಟ್ರಾ, ಒಂದು ಜೊತೆ ಬಟ್ಟೆ, ಒಂದು ಮೇಕಪ್ ಅಷ್ಟೂ ಹೋಗತ್ತೆ. ಕೆಲಸಕ್ಕೆ ಹೋಗೋರಿಗೆ ರಾತ್ರಿನೇ ಅನುಕೂಲ ಅನ್ನೋದು ನಿಜ, ಹಾಗಿದ್ರೆ ಗೋಧೂಳಿ ಲಗ್ನ ಇದ್ಯಾ ಅಂತ ಪುರೋಹಿತರನ್ನ ಕೇಳಿ, ಸಂಜೆ ತಾಳಿ ಕಟ್ಟಿ ರಾತ್ರಿ ಒಂದೇ ಊಟ.

ಬೀಗರೂಟ?

ಮನೆ ಮುಂದೆ, 60 ಜನಕ್ಕೆ, ಮುದ್ದೆ ಮಟನ್ ಸಾರು. ಊರಿಗೆಲ್ಲಾ ಹೇಳೋಕೆ ಹೋದ್ರೆ ಮದ್ವೆ ಖರ್ಚಿನ ಅರ್ಧ ಇದಕ್ಕೇ ಹೋಗತ್ತೆ.

ಬಂಗಾರ ಹೆಂಗೆ ಉಳಿಸೋದು?

ಬಂಗಾರದ ರೇಟು ನಮ್ಮ ಕೈಲಿಲ್ಲ, ವೇಸ್ಟೇಜು ಮೇಕಿಂಗ್ ಚಾರ್ಜು ಮಾತ್ರ ನಮ್ಮ ಬಾಯಲ್ಲಿದೆ. 40 ಗ್ರಾಮಿನ ಹಾರಕ್ಕೆ 15 ಪರ್ಸೆಂಟ್ ವೇಸ್ಟೇಜ್ ಅಂದ್ರೆ 6 ಗ್ರಾಮಿನ ದುಡ್ಡು ಸುಮ್ನೆ ಹೋಯ್ತು, ಅದೇ ಕುಸುರಿ ಕಮ್ಮಿ ಇರೋ ಸಾದಾ ಡಿಸೈನ್ ತಗೊಂಡು 8ಕ್ಕೆ ಇಳಿಸಿದ್ರೆ ಮೂರು ಗ್ರಾಮ್‌ಗೂ ಸ್ವಲ್ಪ ಜಾಸ್ತಿ. ಕಲ್ಲಿನ ಒಡವೆಯಲ್ಲಿ ಕಲ್ಲಿನ ತೂಕ ಬಂಗಾರದ ರೇಟಲ್ಲಿ ಹಾಕಿದಾರಾ ಅಂತ ಬಿಲ್ ನೋಡಿ. ಮೇಲೆ 3 ಪರ್ಸೆಂಟ್ ಜಿಎಸ್‌ಟಿ ಇದ್ದೇ ಇದೆ. ಬಿಲ್ ಇಲ್ದೆ ಕೊಡ್ತೀನಿ, ಟ್ಯಾಕ್ಸ್ ಉಳಿಯತ್ತೆ ಅನ್ನೋರ ಹತ್ರ ಹೋಗ್ಬೇಡಿ, ನಾಳೆ ಮಾರೋಕೆ ಹೋದಾಗ ಅಳ್ತೀರಾ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆ ಮೇಲೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ನಂಬರ್ (ಒಂದೊಂದು ಒಡವೆಗೂ ಬೇರೆ ಬೇರೆ ಗುರುತಿನ ನಂಬರ್) ಇರ್ಲೇಬೇಕು, ಅಂಗಡೀಲೇ ನಿಂತು ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ ನೋಡಿ.

ನಾವು ಹೊಸದು ತಗೊಂಡಿದ್ದು ತಾಳಿ, ಚೈನು, ಒಂದು ಜೊತೆ ಓಲೆ ಅಷ್ಟೇ. ಅಮ್ಮನ ಎರಡೆಳೆ ಸರ ಪಾಲಿಶ್ ಮಾಡ್ಸಿದ್ವಿ. ಸೊಂಟಪಟ್ಟಿ, ತೋಳಬಂದಿ, ಜಡೆಬಿಲ್ಲೆ ಬಾಡಿಗೆಗೆ ಸಿಗ್ತವೆ, ಫೋಟೋದಲ್ಲಿ ಯಾರಿಗೂ ಗೊತ್ತಾಗಲ್ಲ.

ಸೀರೆ?

ಧಾರೆ ಸೀರೆ ಒಂದಕ್ಕೆ ಮನಸ್ಸು ಬಿಚ್ಚಿ ಖರ್ಚು ಮಾಡಿ, ಮಿಕ್ಕಿದ್ದೆಲ್ಲಾ ಹಗುರ. ಮದ್ವೆ ಮಾಘ, ವೈಶಾಖದಲ್ಲಿದ್ರೆ ಹಿಂದಿನ ಆಷಾಢದ ಸೇಲ್‌ನಲ್ಲೇ ತೆಗೆದಿಡಿ. ಇಳಕಲ್, ಮೊಳಕಾಲ್ಮೂರು ಕಡೆ ಗುರುತಿನೋರಿದ್ರೆ ನೇಕಾರರ ಹತ್ರಾನೇ ತಗೊಳ್ಳಿ. ಬೀಗಿತ್ತಿಯರಿಗೆ, ಅತ್ತೆಯರಿಗೆ ಉಡುಗೊರೆ ಸೀರೆ ಕೊಡೋ ಪದ್ಧತಿ ಇದ್ಯಲ್ಲ, ಅದನ್ನ ಎರಡೂ ಕಡೆಯವ್ರು ಮಾತಾಡ್ಕೊಂಡು ನಿಲ್ಸಿಬಿಡಿ. 20 ಸೀರೆ ನೀವು ಕೊಡ್ತೀರಾ, 20 ಅವ್ರು ಕೊಡ್ತಾರೆ, ಒಂದನ್ನೂ ಯಾರೂ ಉಡಲ್ಲ, ಎಲ್ಲಾ ಇನ್ನೊಂದು ಗೃಹಪ್ರವೇಶಕ್ಕೆ ಹೋಗತ್ತೆ. ನಮ್ಮನೆಗೆ ನಾವೇ ಕೊಟ್ಟ ಸೀರೆ ಮೂರು ವರ್ಷ ಬಿಟ್ಟು ವಾಪಸ್ ಬಂದಿದೆ, ಬಾಕ್ಸ್ ಸಮೇತ.

ಫೋಟೋ, ವಿಡಿಯೋ, ಪ್ರೀ ವೆಡ್ಡಿಂಗು?

ಒಬ್ಬ ಒಳ್ಳೇ ಫೋಟೋಗ್ರಾಫರ್, ಒಬ್ಬ ವಿಡಿಯೋದವ್ನು. ಡ್ರೋನ್ ಬೇಡ, ಎಲ್ಇಡಿ ಸ್ಕ್ರೀನ್ ಬೇಡ. ಅವ್ರು ಮಾಡಿರೋ ಒಂದು ಪೂರ್ತಿ ಮದ್ವೆ ಆಲ್ಬಮ್ ತೋರ್ಸಿ ಅಂತ ಕೇಳಿ, ಬರೀ ಚೆನ್ನಾಗಿ ಬಂದಿರೋ ಹತ್ತು ಫೋಟೋ ನೋಡಿ ಮರುಳಾಗ್ಬೇಡಿ. ಫೋಟೋ ಎಲ್ಲಾ ಹಾರ್ಡ್ ಡಿಸ್ಕಲ್ಲಿ ಯಾವಾಗ ಕೊಡ್ತಾರೆ ಅಂತ ಬರೆಸ್ಕೊಳ್ಳಿ, ಕೊನೇ ಕಂತು ಅದಾದ್ಮೇಲೇ ಕೊಡಿ. ಪ್ರೀ ವೆಡ್ಡಿಂಗ್ ಆಸೆ ಇದ್ರೆ ಸ್ನೇಹಿತರ ಕ್ಯಾಮೆರಾದಲ್ಲಿ ಊರ ಕೆರೆ ಏರಿ ಮೇಲೆ ಬೆಳಗ್ಗೆ ಆರೂವರೆಗೆ ತೆಗೆಸ್ಕೊಳ್ಳಿ.

ಡೆಕೋರೇಷನ್ ಕಮ್ಮಿ ಮಾಡಿದ್ರೆ ಬೋಳು ಬೋಳು ಕಾಣಲ್ವಾ?

ಬಾಳೆಕಂದು, ಮಾವಿನ ತೋರಣ, ಸೇವಂತಿಗೆ, ಚೆಂಡುಹೂವು. ಇಷ್ಟು ಹಾಕಿದ್ರೆ ಯಾವ ಮಂಟಪಾನೂ ಬೋಳು ಕಾಣಲ್ಲ. ಬಾಗಿಲು ಮತ್ತೆ ಮಂಟಪ ಎರಡೇ ಕಡೆ ಹೂವು ಹಾಕ್ಸಿ, ಮೆಟ್ಟಿಲಿಗೆ, ಕಂಬಕ್ಕೆ, ಕಾರಿಡಾರಿಗೆ ಬೇಡ. ಬೆಂಗ್ಳೂರವ್ರು ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗಿ ತಂದ್ರೆ ತುಂಬಾ ಉಳಿಯತ್ತೆ. ವರಮಹಾಲಕ್ಷ್ಮಿ ಹಬ್ಬದ ಹಿಂದೆ ಮುಂದೆ ಮದ್ವೆ ಇಟ್ಕೊಂಡ್ರೆ ಮಾತ್ರ ಹೂವಿನ ರೇಟು ಕೇಳಿ ತಲೆ ತಿರುಗತ್ತೆ. ಪ್ಲಾಸ್ಟಿಕ್ ತಟ್ಟೆ ಲೋಟ 2016ರಿಂದಲೇ ರಾಜ್ಯದಲ್ಲಿ ನಿಷೇಧ, ಥರ್ಮಾಕೋಲ್ ಅಲಂಕಾರ 2022ರಿಂದ ಇಡೀ ದೇಶದಲ್ಲೇ ನಿಷೇಧ, ಮರೀಬೇಡಿ.

ಪತ್ರಿಕೆ ಪ್ರಿಂಟ್ ಮಾಡ್ಸೋದಾ, ವಾಟ್ಸಾಪ್ ಸಾಕಾ?

ಎರಡೂ. ಹಿರಿಯರಿಗೆ, ಕುಂಕುಮ ಇಟ್ಟು ಕರೀಬೇಕಾದ ಮನೆಗಳಿಗೆ 150 ಪ್ರಿಂಟ್, ಬಾಕಿಯವ್ರಿಗೆ ವಾಟ್ಸಾಪ್. ಆದ್ರೆ ವಾಟ್ಸಾಪಲ್ಲಿ ಕಳ್ಸಿ ಸುಮ್ನೆ ಕೂರ್ಬೇಡಿ, ಒಂದು ಫೋನ್ ಮಾಡಿ.

ಗಂಡಿನ ಕಡೆಯವ್ರು "ನಮಗೇನೂ ಬೇಡ, ಮದ್ವೆ ಚೆನ್ನಾಗಿ ಮಾಡ್ಕೊಡಿ" ಅಂದ್ರೆ?

ಇದು ತುಂಬಾ ದುಬಾರಿ ಮಾತು. ಚೆನ್ನಾಗಿ ಅಂದ್ರೆ ಏನು ಅಂತ ಅಲ್ಲೇ ಕೇಳಿ, ನಗ್ತಾನೇ ಕೇಳಿ. ಎಷ್ಟು ಜನ ಬರ್ತೀರಾ, ಎಷ್ಟು ರೂಮ್ ಬೇಕು, ಬಸ್ಸು ಯಾರದು. ವರದಕ್ಷಿಣೆ ಕೇಳೋದೂ ಕೊಡೋದೂ 1961ರ ಕಾಯ್ದೆ ಪ್ರಕಾರ ಅಪರಾಧ ಅಂತ ಎಲ್ರಿಗೂ ಗೊತ್ತು, ಅದಕ್ಕೇ ಈಗ ಛತ್ರದ ಹೆಸರಲ್ಲಿ, ಊಟದ ಹೆಸರಲ್ಲಿ, ಕಾರಿನ ಹೆಸರಲ್ಲಿ ಬರತ್ತೆ. ನಮ್ಮ ಬೀಗರು ಒಳ್ಳೆಯೋರು, ಛತ್ರ ಊಟ ಎರಡೂ ಅರ್ಧ ಅರ್ಧ ಅಂದಾಗ ಮೊದಲ ಮಾತಿಗೇ ಒಪ್ಪಿದ್ರು. ಅಪ್ಪನಿಗೆ ಕೇಳೋಕೆ ಸಂಕೋಚ, ಕೇಳಿದ್ದು ನನ್ನ ತಂಗಿನೇ, ನೇರವಾಗಿ ಹುಡುಗನ ಹತ್ರ. ಅರ್ಧ ಕೊಡ್ಬೇಕು ಅಂತಾದ ತಕ್ಷಣ ಅವ್ರ ಲಿಸ್ಟೂ 300ರಿಂದ 200ಕ್ಕೆ ಇಳೀತು ನೋಡಿ!

ಸಾಲ ಮಾಡ್ಬೋದಾ?

ಪರ್ಸನಲ್ ಲೋನ್ ತಗೊಂಡು ಊಟ ಹಾಕ್ಬೇಡಿ. ಕೈಲಿರೋದ್ರಲ್ಲೇ ಆಗತ್ತಾ ನೋಡಿ, ಇಲ್ಲಾಂದ್ರೆ ಲಿಸ್ಟ್ ಮತ್ತೆ ತೆಗೀರಿ. ಮುಯ್ಯಿ ಬರತ್ತೆ ಅದ್ರಲ್ಲಿ ತೀರಿಸ್ತೀವಿ ಅನ್ನೋ ಲೆಕ್ಕ ಬೇಡವೇ ಬೇಡ, ಮುಯ್ಯಿ ಅಂದ್ರೇನೇ ವಾಪಸ್ ಕೊಡೋ ದುಡ್ಡು.

ಇನ್ನೂ ಸರಳವಾಗಿ ಮಾಡೋಕೆ ದಾರಿ ಇದ್ಯಾ?

ಇದೆ, ಬೇಕಾದಷ್ಟಿದೆ, ಮನಸ್ಸು ಬೇಕು ಅಷ್ಟೇ. ಕುವೆಂಪು ಅವ್ರ ಮಂತ್ರ ಮಾಂಗಲ್ಯ ಇದೆ. ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ, ಮುಹೂರ್ತ ನೋಡೋ ಹಾಗಿಲ್ಲ, ಮಂತ್ರಗಳ ಅರ್ಥ ಕನ್ನಡದಲ್ಲಿ ಹೇಳಿ ಪ್ರಮಾಣ ಮಾಡ್ಸೋದು. ತಮ್ಮ ಮಗ ತೇಜಸ್ವಿ ಮದ್ವೆನ 1966ರಲ್ಲಿ ಅವ್ರು ಹೀಗೇ ಮಾಡಿದ್ದು. ಅವ್ರೂರು ಕುಪ್ಪಳಿಯಲ್ಲಿ ಇವತ್ತಿಗೂ ಜೋಡಿಗಳು ಹೋಗಿ ಮಾಡ್ಕೋತಾರೆ. ನನ್ನ ಕೊಲೀಗ್ ಒಬ್ಬಳದ್ದು ಹೀಗಾಯ್ತು, 80 ಜನ, ಒಂದು ಗಂಟೇಲಿ ಮುಗೀತು, ನಾನು ಹೋದ ಮದ್ವೆಗಳಲ್ಲಿ ಹುಡುಗ ಹುಡುಗಿ ಏನ್ ಹೇಳ್ತಿದಾರೆ ಅಂತ ನನಗೆ ಪೂರ್ತಿ ಕೇಳ್ಸಿದ್ದು ಅದೊಂದೇ.

ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹ ನಡೀತಿದೆ, ಸೀರೆ ಪಂಚೆ ತಾಳಿ ಅವ್ರೇ ಕೊಡ್ತಾರೆ. ಸರ್ಕಾರದ್ದು ಅಂದ್ರೆ ಮುಜರಾಯಿ ಇಲಾಖೆ 2020ರಲ್ಲಿ ಸಪ್ತಪದಿ ಅಂತ ಶುರು ಮಾಡ್ತು, ಆಮೇಲೆ ಅದಕ್ಕೇ ಮಾಂಗಲ್ಯ ಭಾಗ್ಯ ಅಂತ ಹೆಸರಾಯ್ತು. ಎ ದರ್ಜೆ, ಅಂದ್ರೆ ಆದಾಯ ಜಾಸ್ತಿ ಇರೋ ದೇವಸ್ಥಾನಗಳಲ್ಲಿ ಸಾಮೂಹಿಕ ಮದ್ವೆ, ಹುಡುಗಿಗೆ 8 ಗ್ರಾಮ್ ಚಿನ್ನದ ತಾಳಿ ಜೊತೆ 10,000, ಹುಡುಗನಿಗೆ 5,000 ಅಂತ ಯೋಜನೆ ಮಾಡಿದ್ರು. ಈ ಸಲ ನಿಮ್ಮ ಹತ್ರದ ದೇವಸ್ಥಾನದಲ್ಲಿ ಯಾವಾಗ ಅಂತ ಅಲ್ಲಿನ ಕಚೇರೀಲೇ ವಿಚಾರಿಸಿ.

ಸಾಮೂಹಿಕ ಮದ್ವೆ ಅಂದ ತಕ್ಷಣ ಮೂಗು ಮುರಿಯೋರಿದಾರೆ. ಅಂಥೋರ ಮನೆ ಮದ್ವೆ ಸಾಲ ನನಗೆ ಗೊತ್ತು, ಇಲ್ಲಿ ಬರೆಯಲ್ಲ.

ರಿಜಿಸ್ಟ್ರೇಷನ್ ಕಡ್ಡಾಯನಾ? ಎಷ್ಟಾಗತ್ತೆ?

ಮಾಡ್ಸಿಬಿಡಿ, ವೀಸಾ, ಬ್ಯಾಂಕು ಅಂತ ಸುಮಾರು ಕಡೆ ಕೇಳ್ತಾರೆ. ಹಿಂದೂ ವಿವಾಹ ಆದ್ರೆ ಮದ್ವೆ ಆದ್ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಲಗ್ನಪತ್ರಿಕೆ, ಮದ್ವೆ ಫೋಟೋ, ಮೂರು ಜನ ಸಾಕ್ಷಿ ಇಟ್ಕೊಂಡು ಹೋಗಿ. ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲಲ್ಲೂ ಅರ್ಜಿ ಹಾಕ್ಬೋದು. ಸರ್ಕಾರಿ ಫೀಸು ಏನೂ ಅಲ್ಲ, ಮಧ್ಯೆ ಏಜೆಂಟ್ ಹಿಡಿದ್ರೇ ಸಾವಿರಗಟ್ಟಲೆ. ಸ್ಪೆಷಲ್ ಮ್ಯಾರೇಜ್ ಆಕ್ಟ್ ಅಂದ್ರೆ 30 ದಿನ ಮುಂಚೆ ನೋಟಿಸ್ ಕೊಡ್ಬೇಕು, ಅದನ್ನ ಮರೆತು ಛತ್ರ ಬುಕ್ ಮಾಡ್ಬೇಡಿ.

ಮದ್ವೆ ದಿನ ದುಡ್ಡು ಯಾರ ಕೈಲಿರ್ಬೇಕು?

ಅಪ್ಪ ಅಮ್ಮನ ಕೈಲಂತೂ ಬೇಡ, ಅವ್ರು ಹಸೆಮಣೆ ಹತ್ರ ಇರ್ತಾರೆ. ನಮ್ಮ ಚಿಕ್ಕಪ್ಪನ ಕೈಲಿ ಒಂದು ಬಟ್ಟೆ ಚೀಲ, ಅದರಲ್ಲಿ ಹೆಸರು ಬರೆದ ಕವರುಗಳು. ವಾಲಗದೋರಿಗೆ ಬಾಕಿ, ಪುರೋಹಿತರ ದಕ್ಷಿಣೆ, ಪಾತ್ರೆ ತೊಳೆಯೋರಿಗೆ, ಬಡಿಸಿದ ಹುಡುಗರಿಗೆ ಟಿಪ್ಸು, ಬಸ್ ಡ್ರೈವರ್ ಬಾಟಾ. ಜೊತೆಗೆ ಹತ್ತು, ಇಪ್ಪತ್ತು, ಐವತ್ತರ ಹೊಸ ನೋಟಿನ ಕಟ್ಟು, ಆರತಿ ತಟ್ಟೆಗೆ, ಬಾಗಿಲು ತಡೆಯೋರಿಗೆ, ಚಪ್ಪಲಿ ಬಚ್ಚಿಡೋ ಹುಡುಗೀರಿಗೆ. ಚಿಲ್ಲರೆ ಇಲ್ದೆ ಐನೂರರ ನೋಟು ಆರತಿ ತಟ್ಟೆಗೆ ಹಾಕಿ ಹಾಕಿ ಖಾಲಿ ಆದ ಮದ್ವೆ ನಾನೇ ನೋಡಿದೀನಿ.

ದುಡ್ಡಿಲ್ದೆ ನೆನಪಲ್ಲಿ ಉಳಿಯೋ ಹಾಗೆ ಏನ್ ಮಾಡ್ಬೋದು?

ಆರ್ಕೆಸ್ಟ್ರಾ ಬದಲು ನಾವು ನಮ್ಮೂರಿನ ನಾಲ್ಕು ಜನ ಅಜ್ಜಿಯರನ್ನ ಕರೆಸಿ ಸೋಬಾನೆ ಪದ ಹೇಳ್ಸಿದ್ವಿ. ಮೈಕ್ ಕೊಟ್ರೆ ಮೊದ್ಲು ನಾಚ್ಕೊಂಡ್ರು, ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಕ್ರು, ಒಂದು ಶುರು ಮಾಡಿದ್ಮೇಲೆ ನಿಲ್ಸೋಕೇ ಆಗ್ಲಿಲ್ಲ, ಬೀಗರ ಹೆಸರನ್ನೇ ಪದಕ್ಕೆ ಸೇರ್ಸಿ ಹಾಸ್ಯ ಮಾಡಿದ್ರು, ಗಂಡಿನ ಸೋದರತ್ತೆ ಎದ್ದು ಬಂದು ಅಲ್ಲೇ ನಿಂತು ಉತ್ತರ ಕೊಟ್ರು, ಇಡೀ ಛತ್ರ ಎದ್ದು ನಿಂತಿತ್ತು. ಅಜ್ಜಿಯರಿಗೆ ಕೊಟ್ಟಿದ್ದು ತಲಾ ಒಂದು ಸೀರೆ, ಮನೆಗೆ ಬಿಡೋಕೆ ಆಟೋ.

ತಾಂಬೂಲಕ್ಕೆ ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಬುಟ್ಟಿ ಬೇಡ ಅಂತ ತೋಟದ ಕಾಯಿ, ವೀಳ್ಯದೆಲೆ, ಅಡಿಕೆ, ಒಂದು ಅಚ್ಚು ಬೆಲ್ಲ ಹಾಕಿ ಬಟ್ಟೆ ಚೀಲದಲ್ಲಿ ಕೊಟ್ವಿ. ಚೀಲ ಹೊಲಿದಿದ್ದು ನಮ್ಮ ಬೀದಿ ಟೈಲರಕ್ಕ. ಆ ಚೀಲ ಈಗ್ಲೂ ತಿಪಟೂರು ಸಂತೇಲಿ ಯಾರಾದ್ರೂ ಕೈಲಿ ಕಾಣತ್ತೆ.

ಕೊನೆಗೆ ಒಟ್ಟು ಎಷ್ಟಾಯ್ತು, ನಿಜ ಹೇಳಿ.

ಬಂಗಾರ, ಬೀಗರೂಟ ಬಿಟ್ಟು ಹೇಳ್ತೀನಿ. ಛತ್ರ 94,500. ಊಟ 2,30,000. ಬಟ್ಟೆ 78,000. ಫೋಟೋ ವಿಡಿಯೋ 45,000. ಹೂವು ಡೆಕೋರೇಷನ್ 27,000. ವಾಲಗ, ಪುರೋಹಿತರು 22,000. ಪತ್ರಿಕೆ, ತಾಂಬೂಲ, ಬಸ್ಸು 31,000. ಚಿಲ್ಲರೆ ಪಲ್ಲರೆ 18,500. ಒಟ್ಟು 5,46,000, ಅದರಲ್ಲಿ ಛತ್ರ ಊಟದ ಅರ್ಧ ಬೀಗರದ್ದು. ಆದ್ರೆ ಚೀಲದಿಂದ ಹೋಗಿರೋದು 5,47,400. ಆ 1,400 ಎಲ್ಲಿ ಹೋಯ್ತು ಅಂತ ಅಪ್ಪ ಆ ಕ್ಯಾಲೆಂಡರ್ ಹಾಳೆ ಇಟ್ಕೊಂಡು ಇನ್ನೂ ಹುಡುಕ್ತಾನೇ ಇದಾರೆ, ಚಿಕ್ಕಪ್ಪ ಮನೆಗೆ ಬಂದಾಗೆಲ್ಲಾ ಕಾಫಿ ಕೊಟ್ಟ ಮೇಲೆ ಮೊದಲನೇ ಪ್ರಶ್ನೆ ಅದೇ.